ಮನೆಯ ಬೆಲೆ: ಒಂದಿಷ್ಟು ಇತಿಹಾಸ, ಒಂದಿಷ್ಟು ನೆನಪು



ಕೆಲವು ತಿಂಗಳ ಹಿಂದೆ ಜಮಖಂಡಿಯ ನಮ್ಮ ಮನೆಗೆ ವಿಮೆ ಮಾಡಿಸಬೇಕೆಂಬ ವಿಚಾರ ಬಂದಿತು. ಮಗನ ಒತ್ತಾಯವದು. ಕಟ್ಟಡದ ಅಳತೆ ತೆಗೆಯಲು ಬಂದವನು ನನ್ನ ಹಳೆಯ ವಿದ್ಯಾರ್ಥಿ. ಏಳನೆಯ ತರಗತಿಯಲ್ಲಿ ಕ್ಷೇತ್ರಫಲದ ಲೆಕ್ಕಗಳಿಗೆ ನನ್ನಿಂದ ಕಿವಿ ಹಿಂಡಿಸಿಕೊಂಡವನು ಈಗ ಇಂಜಿನಿಯರನಾಗಿ, ಕಟ್ಟಡಗಳ ಮೌಲ್ಯಮಾಪನವನ್ನೇ ವೃತ್ತಿಯಾಗಿಸಿಕೊಂಡಿದ್ದಾನೆ. ಟೇಪು ಹಿಡಿದು ಮನೆಯನ್ನೆಲ್ಲ ಸುತ್ತಿದ. ಗೋಡೆ ತಟ್ಟಿ ನೋಡಿದ. ಮಾಳಿಗೆಯ ಮೇಲೆ ನೀರು ನಿಲ್ಲುವ ಮೂಲೆಯನ್ನು ನಾನು ತೋರಿಸುವ ಮೊದಲೇ ಗುರುತಿಸಿದ. ಕೊನೆಗೆ 1,100 ಚದರಡಿಗೆ ಚದರಡಿಯೊಂದಕ್ಕೆ 1,800 ರೂಪಾಯಿಯಂತೆ 19 ಲಕ್ಷ 80 ಸಾವಿರ ಎಂದು ಬರೆದ.

ನನಗೆ ಕೊಂಚ ಮುಖಭಂಗವಾಯಿತೆಂದೇ ಹೇಳಬೇಕು. ಜಾಗೆ ಸೇರಿ ಅರವತ್ತು ಲಕ್ಷಕ್ಕೆ ಕೇಳಿದವರುಂಟು ಎಂದೆ. ಅವನು ನಕ್ಕು, “ಸರ, ಜಾಗಾಕ್ಕ ಬೆಂಕಿ ಹತ್ತೂದಿಲ್ಲ. ಪಾಲಿಸ್ಯಾಗ ಬರೂದು ಕಟ್ಟಡ ಅಷ್ಟ. ನಾಳೆ ಬಿದ್ರ ಮತ್ತ ಕಟ್ಟಾಕ ಎಷ್ಟ ಬೇಕು, ಅದು ಲೆಕ್ಕ” ಎಂದ. ಹೊಳೆಯು ಜಾಗೆಯನ್ನೂ ಕೊಚ್ಚಿಕೊಂಡು ಹೋಗುವುದನ್ನು ಕಂಡ ಕೃಷ್ಣಾತೀರದವರು ನಾವು, ಆದರೂ ವಾದಿಸಲಿಲ್ಲ. ಮೇಲಿನ ಮಾಳಿಗೆಯಲ್ಲಿ ಬಾಡಿಗೆಗಿರುವ ದರ್ಜಿಯ ಸಂಸಾರದ ಬಾಗಿಲ ಮುಂದೆ ನಿಂತಾಗ, “ಇವರ ಸಾಮಾನ ನಿಮ್ಮ ಪಾಲಿಸ್ಯಾಗ ಇಲ್ರಿ, ಸರ. ಅವರದು ಅವರ ಮಾಡಸ್ಬೇಕು” ಎಂದು ಹೇಳಿ ಮುಂದೆ ನಡೆದ.

ಆ ಮಾತು ನನ್ನನ್ನು 2005ನೆಯ ಇಸವಿಗೆ ಎಳೆದೊಯ್ದಿತು. ಅಲ್ಲಿಗೆ ಬರುವ ಮೊದಲು ನಮ್ಮ ಭಾಗದಲ್ಲಿ ಮನೆಗೆ ಬೆಲೆ ಕಟ್ಟಿದ ಕಥೆಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕಾಗುತ್ತದೆ.

ಸಂಸ್ಥಾನಗಳ ಕಾಲದಲ್ಲಿ ಬೆಲೆ ಕಟ್ಟುತ್ತಿದ್ದುದು ಹೊಲಕ್ಕೆ, ಬೆಳೆಗೆ. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು ಆಳುತ್ತಿದ್ದ ದಿನಗಳಲ್ಲಿ ಸರಕಾರದ ಕಣ್ಣು ಕಂದಾಯದ ಮೇಲಿತ್ತು. ಮುಂಬಯಿ ಪ್ರಾಂತದ ಪದ್ಧತಿಯಂತೆ ಬೆಳೆಯನ್ನು ಆಣೆಯಲ್ಲಿ ಅಳೆಯುವುದು, ಅಂದರೆ ಆಣೆವಾರಿ, ನಮ್ಮ ಹಿರಿಯರಿಗೆ ಅಂಗೈರೇಖೆಯಷ್ಟು ಪರಿಚಿತ. ಹದಿನಾರು ಆಣೆ ಎಂದರೆ ತುಂಬಿದ ಬೆಳೆ. ಪಟ್ಟಣಗಳಲ್ಲಿ ಸಿಟಿ ಸರ್ವೆ ನಡೆದು ಪ್ರತಿ ಆಸ್ತಿಗೂ ಸಿ.ಟಿ.ಎಸ್. ನಂಬರು ಬಂದಾಗಲೂ ಅಳೆದದ್ದು ನಿವೇಶನದ ಉದ್ದಗಲವನ್ನು. ಅದರ ಮೇಲಿನ ಮನೆಗೆ ಎಷ್ಟು ಬೆಲೆ, ಒಳಗೆ ಇರುವವರು ಯಾರು ಎಂಬುದು ಆ ಕಾಗದದ ಕೆಲಸವಾಗಿರಲಿಲ್ಲ.

1948ರ ಮಾರ್ಚ್ 8ರಂದು ನಮ್ಮ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಆ ಪ್ರಾಂತದಲ್ಲಿ 1947ರ ಬಾಡಿಗೆ ಕಾನೂನು ಆಗಲೇ ಬಂದಿತ್ತು. 1940ರ ಸೆಪ್ಟೆಂಬರ್ 1ರಂದು ಇದ್ದ ಬಾಡಿಗೆಯನ್ನೇ ಪ್ರಮಾಣವೆಂದು ಹಿಡಿಯುವ ಕಾನೂನು ಅದು. ಬಾಡಿಗೆದಾರನಿಗೆ ನೆಲೆ ಸಿಕ್ಕಿತು, ನಿಜ. ಬಾಡಿಗೆ ಏರದಿದ್ದಾಗ ಮಾಲೀಕನು ಮಾಳಿಗೆಗೆ ಮಣ್ಣು ಹಾಕಿಸುವುದನ್ನೂ ಬಿಟ್ಟನು. ಇಂಥ ಕಾನೂನುಗಳು ಮನೆಯ ಬಾಳಿಕೆಯನ್ನು ಕಡಿಮೆ ಮಾಡಿದವೆಂದು ನನ್ನ ಅನಿಸಿಕೆ. ಒಪ್ಪದವರೂ ಇದ್ದಾರೆ. ಇರಲಿ.

ನಮ್ಮ ಜನ ಮೊದಲ ಬಾರಿಗೆ ಮನೆಗಳಿಗೆ ಬೆಲೆ ಕಟ್ಟುವುದನ್ನು ಊರಿಗೆ ಊರೇ ನಿಂತು ನೋಡಿದ್ದು ಆಲಮಟ್ಟಿಯ ನಿಮಿತ್ತದಿಂದ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಆಣೆಕಟ್ಟು ಅದು. 2006ರ ಆಗಸ್ಟ್ 21ರಂದು ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಅದನ್ನು ಲೋಕಾರ್ಪಣೆ ಮಾಡಿದರು. ಈ ನಲವತ್ತೆರಡು ವರ್ಷಗಳಲ್ಲಿ ಬಾಗಲಕೋಟೆಯ ಹಳೆಯ ಪೇಟೆಯ ಎಷ್ಟೋ ಭಾಗ, ಬೀಳಗಿ ತಾಲೂಕಿನ ಎಷ್ಟೋ ಊರುಗಳು ನೀರಿನ ಪಾಲಾದವು. ಘಟಪ್ರಭೆ ಕೃಷ್ಣೆಯನ್ನು ಕೂಡುವ ಚಿಕ್ಕಸಂಗಮದ ಸುತ್ತಿನ ನೆಲವನ್ನು ಇಂದಿನ ಹುಡುಗರು ಹಿನ್ನೀರಾಗಿಯೇ ಬಲ್ಲರು. ಬಾಗಲಕೋಟೆಯವರಿಗಾಗಿ ಚಾರ್ಲ್ಸ್ ಕೊರಿಯಾ ಅವರ ನಕ್ಷೆಯಂತೆ ನವನಗರ ಎದ್ದಿತು. ಹಳ್ಳಿಗಳವರಿಗೆ ಪುನರ್ವಸತಿ ಕೇಂದ್ರಗಳಾದವು.

ನನ್ನ ಸೋದರಮಾವನ ಮನೆ ಬೀಳಗಿ ತಾಲೂಕಿನ ಅಂಥದೊಂದು ಊರಿನಲ್ಲಿತ್ತು. 1990ರ ದಶಕದ ನಡುವೆ ಅಳತೆಯವರು ಬಂದ ದಿನ ನಾನು ಅಲ್ಲಿದ್ದೆ. ಮೂರಡಿ ದಪ್ಪದ ಕಲ್ಲುಮಣ್ಣಿನ ಗೋಡೆ, ಬೇವಿನ ಜಂತಿ, ಮೇಲೆ ಮಣ್ಣಿನ ಮಾಳಿಗೆ, ಒಂದು ಬೆಳಕಿಂಡಿ. ಸರಕಾರಿ ದರಪಟ್ಟಿಯಂತೆ ಕಲ್ಲಿನ ಕೆಲಸಕ್ಕೆ ಘನ ಮೀಟರಿಗೆ ಇಷ್ಟು, ಕಟ್ಟಿಗೆಗೆ ಇಷ್ಟು ಎಂದು ಬರೆದುಕೊಂಡು, ಒಟ್ಟು ಮೊತ್ತದಿಂದ ಮನೆಯ ವಯಸ್ಸಿಗೆ ತಕ್ಕಂತೆ ಸವಕಳಿ ಕಳೆಯುತ್ತಿದ್ದರು. ಮಾವನಿಗೆ ಅರ್ಥವಾಗದಿದ್ದುದು ಈ ಸವಕಳಿ. “ನಮ್ಮಜ್ಜ ಕಟ್ಟಿದ ಗ್ವಾಡಿ, ಇನ್ನೂ ನೂರು ವರ್ಷ ನಿಲ್ತೈತಿ. ಹಳೇದಾತು ಅಂತ ಬೆಲಿ ಕಡಿಮಿ ಮಾಡಿದ್ರ ಹೊಸಾ ಮನಿ ಯಾವ ಸವಕಳಿ ರೇಟಿನ್ಯಾಗ ಕಟ್ಟಾಕ ಕೊಡ್ತಾರು?” ಎಂದು ಕೇಳಿದರು. ಅಳತೆಯವರಲ್ಲಿ ಉತ್ತರವಿರಲಿಲ್ಲ; ಸಜ್ಜನರು, ತಲೆ ತಗ್ಗಿಸಿ ಬರೆಯುತ್ತಲೇ ಇದ್ದರು. ಪಡಸಾಲೆಯ ಕೆಳಗೆ ಜೋಳ ತುಂಬುತ್ತಿದ್ದ ಹಗೇವಿಗೆ ದರಪಟ್ಟಿಯಲ್ಲಿ ಹೆಸರೇ ಇರಲಿಲ್ಲ. ಕೊನೆಗೆ ಅದನ್ನು ತಗ್ಗು ತೋಡಿದ ಕೆಲಸವೆಂದು ನಮೂದಿಸಿದರು.

ಆ ಮನೆಯ ಮುಂಭಾಗದ ಕೋಣೆಯಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡ ಬಾಡಿಗೆದಾರರೊಬ್ಬರಿದ್ದರು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಅಲ್ಲೇ ವ್ಯಾಪಾರ. ಬಾಡಿಗೆ ಚೀಟಿ ಒಂದೂ ಇಲ್ಲ. ಮಾತಿನ ಮೇಲೆ ನಡೆದ ವ್ಯವಹಾರ. ಆಗ ಜಾರಿಯಲ್ಲಿದ್ದ 1894ರ ಭೂಸ್ವಾಧೀನ ಕಾಯ್ದೆಯನ್ನು ನಾನು ಆ ನಿಮಿತ್ತದಿಂದಲೇ ಓದಿದೆ. ಅದರ 9ನೆಯ ಕಲಮಿನ ನೋಟೀಸು ಹೋಗುವುದು ಮಾಲೀಕರಿಗೆ ಮಾತ್ರವಲ್ಲ, ‘ಹಿತಾಸಕ್ತಿಯುಳ್ಳ’ ಎಲ್ಲರಿಗೂ. ಪರಿಹಾರ ಯಾರಿಗೆ ಎಷ್ಟು ಎಂಬ ತಕರಾರು ಬಂದರೆ 30ನೆಯ ಕಲಮಿನಂತೆ ಅದನ್ನು ನ್ಯಾಯಾಲಯಕ್ಕೆ ಒಪ್ಪಿಸಬಹುದಿತ್ತು. ಅಂದರೆ ಬಾಡಿಗೆದಾರನನ್ನು ಆ ಕಾಯ್ದೆ ಮರೆತಿರಲಿಲ್ಲ. ಮಾವನ ಮನೆಯ ಬಾಡಿಗೆದಾರರು ಅರ್ಜಿ ಕೊಡಲಿಲ್ಲ. “ಮನಿ ಅಣ್ಣಾರದು. ನಾ ಏನ್ ಕೇಳ್ಲಿ” ಎಂದರಂತೆ. ಮಾವ ಹಣ ಬಂದ ಮೇಲೆ ಅವರಿಗೆ ಒಂದಿಷ್ಟು ಕೊಟ್ಟರು. ಎಷ್ಟೆಂದು ಯಾರಿಗೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಮಾವ ಮಾಡಿದ ತಪ್ಪು ಬೇರೆ. ಕಾಯ್ದೆಯಂತೆ ಬೆಲೆಯ ಮೇಲೆ 30 ಶೇಕಡಾ ಸಾಂತ್ವನ ಧನ ಸಿಗುತ್ತಿತ್ತು. 1984ರ ತಿದ್ದುಪಡಿಗೆ ಮುಂಚೆ ಅದು 15 ಶೇಕಡಾ. ಬೆಲೆ ಸಾಲದೆಂದರೆ 18ನೆಯ ಕಲಮಿನಡಿ ನ್ಯಾಯಾಲಯಕ್ಕೆ ಕಳಿಸಿರೆಂದು ಕೇಳುವ ಹಕ್ಕೂ ಇತ್ತು. ಆದರೆ ಹಣ ತೆಗೆದುಕೊಳ್ಳುವಾಗ ‘ಪ್ರತಿಭಟನೆಯೊಡನೆ ಸ್ವೀಕರಿಸಿದ್ದೇನೆ’ ಎಂದು ಬರೆದಿರಬೇಕು. ಬರೆಯದೆ ಸಹಿ ಹಾಕಿದವರಿಗೆ ಆ ದಾರಿ ಮುಚ್ಚಿದಂತೆಯೇ. ಮಾವ ಬರೆಯಲಿಲ್ಲ. ಓದು ಬಲ್ಲ ಅಳಿಯನಾದ ನಾನು ಆ ದಿನ ಶಾಲೆಯ ಪರೀಕ್ಷೆಯಲ್ಲಿದ್ದೆ.

ಈಗ 2005ಕ್ಕೆ ಬರುತ್ತೇನೆ. ಆ ಮಳೆಗಾಲದಲ್ಲಿ ಕೃಷ್ಣೆ ಉಕ್ಕಿ ಜಮಖಂಡಿ ತಾಲೂಕಿನ ಹೊಳೆಸಾಲು ಹಳ್ಳಿಗಳಿಗೆ ನೀರು ನುಗ್ಗಿದ್ದು ನಿಮ್ಮಲ್ಲಿ ಅನೇಕರಿಗೆ ನೆನಪಿರಬೇಕು. ರಬಕವಿ-ಬನಹಟ್ಟಿ ಆಗ ಪ್ರತ್ಯೇಕ ತಾಲೂಕಾಗಿರಲಿಲ್ಲ, ಜಮಖಂಡಿಗೇ ಸೇರಿತ್ತು. ಜನಗಣತಿ, ಚುನಾವಣೆಗಳಂತೆ ನೆರೆಹಾನಿಯ ಗಣತಿಗೂ ಶಿಕ್ಷಕರೇ. ತಲಾಟಿ, ಒಬ್ಬ ಕಿರಿಯ ಇಂಜಿನಿಯರ್ ಮತ್ತು ನಾನು, ಹೀಗೆ ಮೂವರ ತಂಡ. ರಬಕವಿ ಕಡೆಯ ಒಂದು ಹಳ್ಳಿ ನಮ್ಮ ಪಾಲಿಗೆ ಬಂದಿತು. ಊರಿನ ಹೆಸರು ಬೇಡ.

ಕೆಸರು ಇನ್ನೂ ಮೊಣಕಾಲುದ್ದ ಇತ್ತು. ಊರ ಅಂಚಿನ ಒಂದು ಮನೆಯ ಹಿಂಗೋಡೆ ಬಿದ್ದಿತ್ತು. ಮನೆಯ ಒಡತಿ ವಿಧವೆ. ಒಂದು ಕೋಣೆಯಲ್ಲಿ ತಾನಿದ್ದು ಉಳಿದ ಭಾಗವನ್ನು ನೇಕಾರನೊಬ್ಬನಿಗೆ ತಿಂಗಳಿಗೆ ಇನ್ನೂರು ರೂಪಾಯಿಗೆ ಕೊಟ್ಟಿದ್ದಳು. ಆ ಇನ್ನೂರೇ ಅವಳ ಬದುಕು. ಒಳಗೆ ಎರಡು ಕುಣಿಮಗ್ಗಗಳು. ನೆಲದಲ್ಲಿ ತಗ್ಗು ತೋಡಿ, ಅದರಲ್ಲಿ ಕಾಲಿಳಿಬಿಟ್ಟು ಕೂತು ನೇಯುವ ಮಗ್ಗಗಳಿವು. ತಗ್ಗು ತುಂಬ ರಾಡಿ; ಒಂದು ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಕೆಸರಿನಲ್ಲಿ ನೆನೆದು ಜೋತು ಬಿದ್ದಿತ್ತು. ಹಾಸಿನ ನೂಲು ಸಾವಕಾರರದು. ನೇಕಾರನಿಗೆ ಸಿಗುವುದು ಕೂಲಿ ಮಾತ್ರ.

ವಿದ್ಯಾರ್ಥಿಗಳೇ, ಆ ಒಂದು ಕೋಣೆಯನ್ನು ಕಣ್ಣ ಮುಂದೆ ತಂದುಕೊಳ್ಳಿರಿ. ಗೋಡೆ ಒಬ್ಬರದು, ಮಗ್ಗ ಇನ್ನೊಬ್ಬರದು, ಮಗ್ಗದ ಮೇಲಿನ ನೂಲು ಮತ್ತೊಬ್ಬರದು. ನನ್ನ ಕೈಯಲ್ಲಿದ್ದ ನಮೂನೆಯಲ್ಲಿ ಇದ್ದದ್ದು ಒಂದೇ ಅಂಕಣ: ಮನೆಯ ಮಾಲೀಕರ ಹೆಸರು.

ನೇಕಾರ ಕೇಳಿದ, “ಮಾಸ್ತರ, ಗ್ವಾಡಿ ಅವ್ವಂದು, ಖರೆ. ಮಗ್ಗ ನನ್ನವಲ್ಲೇನ್ರಿ? ಅದನ್ನ ಎಲ್ಲಿ ಬರೀತೀರಿ?”

ನಾನು ಕೊನೆಯ ಷರಾ ಅಂಕಣದಲ್ಲಿ ‘ಬಾಡಿಗೆದಾರರ ವಾಸ, ಎರಡು ಮಗ್ಗ ನೀರುಪಾಲು’ ಎಂದು ಬರೆದೆ. ಅವನ ಮುಖ ಸ್ವಲ್ಪ ಅರಳಿತು. ಸಂಜೆ ಪಟ್ಟಿ ಒಪ್ಪಿಸುವಾಗ ಮೇಲಿನವರೊಬ್ಬರು ಆ ಸಾಲಿನ ಮೇಲೆ ಬೆರಳಿಟ್ಟು, “ಇದು ಮನೆಗಳ ಪಟ್ಟಿ, ಮಾಸ್ತರೇ. ಇಂಥದ್ದು ಬರೆದರೆ ಪಟ್ಟಿ ವಾಪಸು ಬರುತ್ತದೆ, ಆ ಮುದುಕಿಗೂ ಸಿಗುವುದು ತಡವಾಗುತ್ತದೆ” ಎಂದರು. ಅವರು ಹೇಳಿದ್ದು ಸುಳ್ಳೇನೂ ಅಲ್ಲ. ನಾನು ಸ್ಕೇಲು ಇಟ್ಟು, ನೇರ ಗೆರೆ ಎಳೆದು ಆ ಸಾಲನ್ನು ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಿದೆ. ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದ ಅಚ್ಚುಕಟ್ಟುತನ ಅದು.

ಮುಂದೆ ಒಡತಿಗೆ ಗೋಡೆಯ ಹಣ ಬಂದಿತೆಂದು ಕೇಳಿದೆ. ನೇಕಾರ ಆ ದೀಪಾವಳಿಗೆ ಮೊದಲೇ ಸಂಸಾರ ಸಮೇತ ಇಚಲಕರಂಜಿಗೆ ಹೋದನಂತೆ, ಅನ್ಯರ ಪಾವರ್‌ಲೂಮಿನ ಮೇಲೆ ಕೂಲಿಗೆ. ಹಾಳಾದ ನೂಲಿನ ಬಾಬತ್ತು ಅವನ ಹೆಸರಿನಲ್ಲಿ ಬಾಕಿ ಬರೆದಿದ್ದರೆಂಬ ಮಾತೂ ಇತ್ತು. 1872ರ ಕರಾರು ಕಾಯ್ದೆಯ 152ನೆಯ ಕಲಮಿನಂತೆ, ತಕ್ಕ ಎಚ್ಚರಿಕೆ ವಹಿಸಿದ್ದರೆ, ಒಪ್ಪಿಸಿಕೊಂಡ ವಸ್ತು ಹಾಳಾದುದಕ್ಕೆ, ಬೇರೆ ಕರಾರಿಲ್ಲದಿದ್ದಲ್ಲಿ, ಒಪ್ಪಿಸಿಕೊಂಡವನು ಹೊಣೆಯಲ್ಲ. ಇದನ್ನು ನಾನು ತಿಳಿದದ್ದು ನಿವೃತ್ತಿಯ ನಂತರ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೆಯ ಕಲಮನ್ನೂ ಆಗಲೇ ಓದಿದೆ. ಬೇರೆ ಕರಾರಿಲ್ಲದ ಪಕ್ಷದಲ್ಲಿ, ಬಾಡಿಗೆದಾರನು ತಾನು ನೆಲಕ್ಕೆ ಹೂಡಿದ್ದನ್ನು, ಜಾಗೆಯನ್ನು ಮೊದಲಿನಂತೆ ಮಾಡಿಕೊಟ್ಟು, ಕಿತ್ತೊಯ್ಯಬಹುದು. ಬೆಂಕಿಯಿಂದಲೋ ಪ್ರವಾಹದಿಂದಲೋ ಮನೆ ಶಾಶ್ವತವಾಗಿ ವಾಸಕ್ಕೆ ಬಾರದಂತಾದರೆ ಬಾಡಿಗೆಯ ಕರಾರನ್ನು ರದ್ದೆಂದು ತಿಳಿಯುವ ಆಯ್ಕೆಯೂ ಅವನದೇ. ನೂರಿಪ್ಪತ್ತು ವರ್ಷಗಳಿಂದ ಇದ್ದ ಮಾತುಗಳಿವು. ಕೆಸರಿನಲ್ಲಿ ನಿಂತ ನಮ್ಮ ಮೂವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

2019ರ ಆಗಸ್ಟಿನ ನೆರೆಯ ಹೊತ್ತಿಗೆ ನಾನು ಮನೆಯಲ್ಲಿ ಕುಳಿತವನು. ಕೃಷ್ಣೆ, ಘಟಪ್ರಭೆ ಎರಡೂ ಒಮ್ಮೆಗೇ ಬಂದವು. ಮುಧೋಳದ ಹೊಳೆಸಾಲೂ ಉಳಿಯಲಿಲ್ಲ. ಈ ಸಲ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದರು. ಮುಕ್ಕಾಲು ಪಾಲಿಗೂ ಮೀರಿ ಬಿದ್ದದ್ದು ಎ, 25ರಿಂದ 75 ಶೇಕಡಾ ಬಿ, 15ರಿಂದ 25 ಶೇಕಡಾ ಸಿ. ರಾಜ್ಯ ಸರಕಾರ ಎ ವರ್ಗಕ್ಕೆ 5 ಲಕ್ಷ ರೂಪಾಯಿ ಕೊಟ್ಟಿತು. ಬಿ ವರ್ಗದಲ್ಲಿ ಕೆಡವಿ ಕಟ್ಟುವವರಿಗೆ 5 ಲಕ್ಷ, ದುರಸ್ತಿಗೆ 3 ಲಕ್ಷ. ಸಿ ವರ್ಗಕ್ಕೆ 50 ಸಾವಿರ. ಕೇಂದ್ರದ ವಿಪತ್ತು ನಿಧಿಯ ನಿಯಮದಂತೆ ಪೂರ್ತಿ ಬಿದ್ದ ಮನೆಗೆ ಆಗ ಇದ್ದದ್ದು 95,100 ರೂಪಾಯಿ. ಅದರ ಪಕ್ಕದಲ್ಲಿ ಇಟ್ಟು ನೋಡಿದರೆ ಇದು ದೊಡ್ಡ ಮೊತ್ತವೇ, ಅಲ್ಲಗಳೆಯಬಾರದು. ಆದರೆ ಮಣ್ಣಿನ ಗೋಡೆಯ ಹಾನಿ 24 ಶೇಕಡಾವೋ 26 ಶೇಕಡಾವೋ ಎಂದು ಕಣ್ಣಳತೆಯಲ್ಲಿ ಹೇಳುವುದು ಹೇಗೆ? ನೆನೆದ ಗೋಡೆ ಬಿಸಿಲಿಗೆ ಒಣಗುತ್ತ ಹದಿನೈದು ದಿನದ ಮೇಲೆ ಬಿರುಕು ಬಿಡುತ್ತದೆ. ಅಷ್ಟರಲ್ಲಿ ಗಣತಿಯವರು ಹೋಗಿರುತ್ತಾರೆ. ಆಣೆವಾರಿಯ ಜಗಳಗಳನ್ನು ಕಂಡವರಿಗೆ ಇದು ಹೊಸದೆನಿಸಲಿಲ್ಲ.

ಮನೆಯ ಹಣ ಉತಾರದಲ್ಲಿ ಹೆಸರಿದ್ದವರಿಗೆ ಹೋಯಿತು. ಆದರೆ ತುರ್ತಾಗಿ ಕೊಟ್ಟ 10 ಸಾವಿರ ಕುಟುಂಬದ ಲೆಕ್ಕದ್ದು. ನಿಯಮದಂತೆ ಬಟ್ಟೆಗೆ 1,800, ಪಾತ್ರೆಪಗಡಕ್ಕೆ 2,000, ಉಳಿದ 6,200 ರಾಜ್ಯ ಸೇರಿಸಿದ್ದು. ನೀರು ಹೊಕ್ಕ ಮನೆಯಲ್ಲಿ ವಾಸವಿದ್ದವರು ಯಾರೋ ಅವರಿಗೆ. ಬಾಡಿಗೆದಾರ ಆ ಪಟ್ಟಿಯೊಳಗೆ ಬರಬಲ್ಲವನಾದ. ಕೈಮಗ್ಗದವರ ಸಲಕರಣೆಗೆ 4,100, ಕಚ್ಚಾ ಮಾಲಿಗೆ 4,100 ಎಂಬ ಬಾಬತ್ತುಗಳೂ ಆಗಿನ ಅದೇ ನಿಯಮದಲ್ಲಿದ್ದವು. 2005ರ ನೇಕಾರನ ಪ್ರಶ್ನೆಗೆ ಬರೆಯಲು ಒಂದು ಅಂಕಣವಂತೂ ಇದ್ದಿತು. ಪಾವರ್‌ಲೂಮಿನ ಹೆಸರು ಅಲ್ಲಿಲ್ಲ. ಬನಹಟ್ಟಿಯ ಓಣಿಗಳಲ್ಲಿ ಹಗಲಿರುಳು ಸದ್ದು ಮಾಡುವುದು ಮಾತ್ರ ಅದೇ.

ಮುಂದಿನದೂ ಇದೆ. ಈಗ ಆಲಮಟ್ಟಿಯಲ್ಲಿ 519.6 ಮೀಟರ್ ಎತ್ತರಕ್ಕೆ ನೀರು ನಿಲ್ಲುತ್ತದೆ. 2010ರ ಡಿಸೆಂಬರ್ 30ರಂದು ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 524.256 ಮೀಟರಿಗೆ ಒಪ್ಪಿಗೆ ನೀಡಿತು. ಅದರಿಂದ ಇನ್ನೂ ಸುಮಾರು 75 ಸಾವಿರ ಎಕರೆ ಮುಳುಗಬೇಕಾಗುತ್ತದೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟವು ಎಕರೆಗೆ ನೀರಾವರಿ ಜಮೀನಿಗೆ 40 ಲಕ್ಷ, ಒಣ ಜಮೀನಿಗೆ 30 ಲಕ್ಷ ಎಂದು ನಿರ್ಧರಿಸಿತು. ಜಮೀನಿನ ಬೆಲೆಯ ಬಗ್ಗೆ ಕಟ್ಟೆಕಟ್ಟೆಗಳಲ್ಲಿ ಮಾತು ನಡೆದಿದೆ. ಮನೆಯ ಬಗ್ಗೆ ಕಡಿಮೆ. 1894ರ ಕಾಯ್ದೆ ಹೋಗಿ, 2014ರ ಜನವರಿ 1ರಿಂದ ಹೊಸ ಭೂಸ್ವಾಧೀನ ಕಾಯ್ದೆ ಬಂದಿದೆ. ಅದರಲ್ಲಿ ಸಾಂತ್ವನ ಧನ 100 ಶೇಕಡಾ. ಕಟ್ಟಡದ ಬೆಲೆ ಕಟ್ಟಲು ಪರಿಣತ ಇಂಜಿನಿಯರರ ನೆರವು ಪಡೆಯಲು ಅವಕಾಶವಿದೆ. ಮುಖ್ಯವಾಗಿ, ಜಮೀನಿಲ್ಲದಿದ್ದರೂ ಮೂರು ವರ್ಷಗಳಿಂದ ಆ ಊರಿನಲ್ಲಿ ದುಡಿದು ಬದುಕುತ್ತಿರುವ ಗೇಣಿದಾರ, ಕೂಲಿಕಾರ, ಕುಶಲಕರ್ಮಿಗಳ ಕುಟುಂಬವೂ ಬಾಧಿತ ಕುಟುಂಬವೇ. ಮೂರು ವರ್ಷ ಇದ್ದುದಕ್ಕೆ ಆಧಾರ ಬೇಕು. ಹೊಳೆಸಾಲಿನಲ್ಲಿ ಬಾಡಿಗೆಗೆ ಇರುವ ನನ್ನ ವಿದ್ಯಾರ್ಥಿಗಳು ಬಾಡಿಗೆ ಚೀಟಿ, ಕರೆಂಟ್ ಬಿಲ್ಲುಗಳನ್ನು ಎಸೆಯಬೇಡಿರಿ. ಮಾಲೀಕರಾಗಿರುವವರು ಚೀಟಿ ಕೊಡಲು ಹಿಂಜರಿಯಬೇಡಿರಿ.

ವಿಮೆಯ ವಿಷಯವನ್ನು ಅರ್ಧಕ್ಕೆ ಬಿಟ್ಟಿದ್ದೆ. 2021ರ ಏಪ್ರಿಲ್ 1ರಿಂದ ವಾಸದ ಮನೆಗಳಿಗೆ ‘ಭಾರತ್ ಗೃಹ ರಕ್ಷಾ’ ಎಂಬ ಏಕರೂಪದ ಪಾಲಿಸಿ ಬಂದಿದೆ. ಬೆಂಕಿಯೊಡನೆ ಪ್ರವಾಹವೂ ಅದರಲ್ಲಿ ಸೇರಿದೆ. ಮೊದಲಿನ ಪಾಲಿಸಿಗಳಲ್ಲಿ ಒಂದು ಮುಳ್ಳಿತ್ತು. 10 ಲಕ್ಷದ ಮನೆಗೆ 5 ಲಕ್ಷದ ವಿಮೆ ಮಾಡಿಸಿ, 2 ಲಕ್ಷದ ಹಾನಿಯಾದರೆ ಸಿಗುವುದು 1 ಲಕ್ಷವೇ; ಉಳಿದರ್ಧಕ್ಕೆ ನಾವೇ ವಿಮೆದಾರರೆಂದು ಲೆಕ್ಕ. ಮನೆಯ ಹೊಸ ಪಾಲಿಸಿಯಲ್ಲಿ ಆ ಕಡಿತವಿಲ್ಲ. ಕಟ್ಟಡದ ಮೊತ್ತದ 20 ಶೇಕಡಾದಷ್ಟು, 10 ಲಕ್ಷ ಮೀರದಂತೆ, ಮನೆವಾರ್ತೆಯ ಸಾಮಾನುಗಳಿಗೂ ತಾನಾಗಿಯೇ ರಕ್ಷಣೆ ಇದೆ. ಬಾಡಿಗೆದಾರರು ಕಟ್ಟಡ ಬಿಟ್ಟು ತಮ್ಮ ಸಾಮಾನಿಗಷ್ಟೇ ಪಾಲಿಸಿ ಪಡೆಯಬಹುದು. ಆದರೆ ಮಗ್ಗ, ಯಂತ್ರ, ಅಂಗಡಿಗಳು ಮನೆಯ ಪಾಲಿಸಿಗೆ ಸೇರಿದವಲ್ಲ. ಅವಕ್ಕೆ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಎಂಬುದು ಬೇರೆ. ಅಲ್ಲಿ ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸಿದರೆ 15 ಶೇಕಡಾದವರೆಗೆ ಮಾತ್ರ ರಿಯಾಯಿತಿ.

ಇದನ್ನೆಲ್ಲ ನನ್ನ ವಿದ್ಯಾರ್ಥಿಯಿಂದ ಬರೆಸಿಕೊಂಡು, ಮರುದಿನ ಮೇಲಿನ ಮಾಳಿಗೆಯ ದರ್ಜಿಯನ್ನು ಕೆಳಗೆ ಕರೆದು ಕೂರಿಸಿದೆ. ಎರಡು ಗೆರೆಯ ನೋಟುಬುಕ್ಕಿನಲ್ಲಿ ಅವನು ಹೇಳುತ್ತ ಹೋದ, ನಾನು ಬರೆಯುತ್ತ ಹೋದೆ. ಹೊಲಿಗೆ ಯಂತ್ರ ಮೂರು, ಅದರಲ್ಲಿ ಎರಡು ಮೋಟಾರಿನವು. ಇಸ್ತ್ರಿ ಒಂದು. ಕತ್ತರಿಸುವ ಮೇಜು ಒಂದು. ಗುಂಡಿ, ದಾರ, ಅಸ್ತರಿ ಬಟ್ಟೆ, ಅಂದಾಜು ನಾಲ್ಕು ಸಾವಿರದ್ದು. ಚಹಾ ತಂದ ನನ್ನ ಹೆಂಡತಿ ನಿಂತು ಕೇಳಿ, “ಅಲ್ಲಪ್ಪಾ, ಗಿರಾಕಿಗಳು ಹೊಲ್ಯಾಕ ಕೊಟ್ಟ ಬಟ್ಟಿ ಯಾರ ಲೆಕ್ಕಕ್ಕ?” ಎಂದಳು.

ದರ್ಜಿ ನನ್ನ ಮುಖ ನೋಡಿದ. ನಾನು ಪೆನ್ನು ಕೆಳಗಿಟ್ಟು ವಿದ್ಯಾರ್ಥಿಗೆ ಫೋನು ಹಚ್ಚಿದೆ. “ಅದನ್ನ ಪಾಲಿಸ್ಯಾಗ ಬ್ಯಾರೆ ಹೇಳಿ ಬರಸ್ಬೇಕ್ರಿ, ಸರ. ಮದಿವಿ ಸೀಜನ್ನಿಗೆ ಎಷ್ಟರ ಬಟ್ಟಿ ಇರ್ತೈತಿ, ಕೇಳಿ ಇಡ್ರಿ. ರವಿವಾರ ಬರ್ತೀನಿ” ಎಂದ. ನೋಟುಬುಕ್ಕಿನಲ್ಲಿ ಆ ಪುಟದ ಎಡಕ್ಕೆ ಇನ್ನೊಂದು ಗೆರೆ ಎಳೆದು, ‘ಯಾರದು’ ಎಂದು ಹೊಸ ಅಂಕಣ ಮಾಡಿಟ್ಟಿದ್ದೇನೆ.